ಮೌನದ ಬೆಲೆ 128: ಎಸ್‌ಡಿಎಲ್ ಎಂಬ ಬೆರಗಿನ ಗಣಿ

ಮೌನಕ್ಕೂ ಒಂದು ಸಂಖ್ಯೆ ಇದೆ, ಗೊತ್ತೆ? 128! ಸೊನ್ನೆ ಅಲ್ಲ, 128. ಎಂಟು ಬಿಟ್‌ನ ವೇವ್ ಫೈಲಿನಲ್ಲಿ ಸದ್ದನ್ನು 0ಯಿಂದ 255ರವರೆಗಿನ ಸಂಖ್ಯೆಗಳಾಗಿ ಬರೆದಿಡುತ್ತಾರೆ. ಸ್ಪೀಕರಿನ ಪೊರೆ ಹಿಂದಕ್ಕೂ ಸರಿಯದೆ ಮುಂದಕ್ಕೂ ಬಾರದೆ ನಟ್ಟನಡುವೆ ನಿಂತಿತೆಂದರೆ ಆ ಸಂಖ್ಯೆ 128. ಅದೇ ಸದ್ದನ್ನು ಹದಿನಾರು ಬಿಟ್‌ನಲ್ಲಿ ಬರೆಯಿರಿ, ಮೌನ ಸೊನ್ನೆಗೆ ಇಳಿದುಬಿಡುತ್ತದೆ, ಏಕೆಂದರೆ ಅಲ್ಲಿ ಲೆಕ್ಕ ಶುರುವಾಗುವುದೇ ಮೈನಸ್ 32,768ರಿಂದ. ಇದನ್ನರಿಯದ ಪ್ರೋಗ್ರಾಮರ್ ಒಬ್ಬ ಎಂಟು ಬಿಟ್‌ನ ಖಾಲಿ ಜಾಗಕ್ಕೆ ಸೊನ್ನೆ ತುಂಬಿದನೆನ್ನಿ. ಪೊರೆ ಒಮ್ಮೆಲೇ ಹಿಂದಿನ ತುತ್ತತುದಿಗೆ ಹೋಗಿ ಕೂರುತ್ತದೆ, ಕಿವಿಗೆ 'ಟಪ್' ಎಂದು ಬಡಿಯುತ್ತದೆ. ಆತ ಬರೆದದ್ದು ಮೌನ, ನಮಗೆ ಕೇಳಿದ್ದು ಪೆಟ್ಟು!

ಈ 128ನ್ನು ನಮ್ಮ ಪರವಾಗಿ ನೆನಪಿಟ್ಟುಕೊಳ್ಳುವ ಒಂದು ಲೈಬ್ರರಿ ಇದೆ. ಹೆಸರು ಎಸ್‌ಡಿಎಲ್, ಬಿಡಿಸಿ ಹೇಳಿದರೆ ಸಿಂಪಲ್ ಡೈರೆಕ್ಟ್‌ಮೀಡಿಯಾ ಲೇಯರ್. ಅದರ ಸೋರ್ಸ್ ಕೋಡಿನಲ್ಲಿ 'ಸೈಲೆನ್ಸ್' ಎಂಬ ಹೆಸರಿನ ಒಂದು ಪುಟ್ಟ ಖಾನೆಯೇ ಇದೆ. ಯಾವ ಬಗೆಯ ಸದ್ದಿಗೆ ಮೌನವೆಂದರೆ ಎಷ್ಟು ಎಂಬುದನ್ನು ಅದು ಲೆಕ್ಕ ಹಾಕಿ ಅಲ್ಲಿ ಬರೆದಿಡುತ್ತದೆ. ಆ ಒಂದು ಖಾನೆಯ ಬೆನ್ನು ಹತ್ತಿ ನಾನು ಕೋಡಿನ ಒಳಹೊಕ್ಕೆ. ಹೊಕ್ಕವನಿಗೆ ಹೊರಬರುವ ಮನಸ್ಸೇ ಆಗಲಿಲ್ಲ! ಪ್ರತಿ ಕಡತದಲ್ಲೂ ಯಾವುದೋ ಒಂದು ಯಂತ್ರದ ಗುಟ್ಟು, ಪ್ರತಿ ಷರತ್ತಿನ ಹಿಂದೆ ಯಾರೋ ಎಲ್ಲೋ ತಲೆ ಚಚ್ಚಿಕೊಂಡ ಒಂದು ಬಗ್. ಕಂಪ್ಯೂಟರ್ ಎಂದರೆ ಕಂಪ್ಯೂಟರ್, ಎಲ್ಲವೂ ಒಂದೇ ಎಂದು ನಾವು ತಿಳಿದಿದ್ದೇವಲ್ಲ, ಅದು ಎಷ್ಟು ದೊಡ್ಡ ಭ್ರಮೆ ಎಂಬುದು ಒಂದು ಯಂತ್ರದಲ್ಲಿ ಬರೆದದ್ದನ್ನು ಇನ್ನೊಂದಕ್ಕೆ ಒಯ್ದಾಗ ಮಾತ್ರ ಬಯಲಾಗುತ್ತದೆ.

ಸ್ಯಾಮ್ ಲ್ಯಾಂಟಿಂಗಾ ಎಂಬ ಅಮೆರಿಕನ್ ಪ್ರೋಗ್ರಾಮರ್ ಇದನ್ನು ಮೊದಲು ಹೊರಬಿಟ್ಟದ್ದು 1998ರಲ್ಲಿ. ವಿಂಡೋಸ್‌ನ ಒಂದು ಅಪ್ಲಿಕೇಶನ್ನನ್ನು ಮ್ಯಾಕಿಂಟಾಶ್‌ಗೆ ಪೋರ್ಟ್ ಮಾಡುವಾಗ ಹೊಳೆದ ಉಪಾಯವಿದು. ಕಿಟಕಿ ತೆರೆಯುವುದು, ಚಿತ್ರ ಮೂಡಿಸುವುದು, ಸದ್ದು ಹೊರಡಿಸುವುದು, ಕೀಲಿ ಒತ್ತಿದ್ದನ್ನು ತಿಳಿಯುವುದು, ಇಷ್ಟಕ್ಕೆ ಒಂದೊಂದು ಆಪರೇಟಿಂಗ್ ಸಿಸ್ಟಮ್ಮಿನಲ್ಲೂ ಒಂದೊಂದು ವಿಧಿ. ಅವನ್ನೆಲ್ಲ ಒಂದು ತೆಳು ಪದರದ ಕೆಳಗೆ ಅಡಗಿಸಿಟ್ಟರೆ ಮೇಲಿನ ಪ್ರೋಗ್ರಾಮ್ ಒಂದೇ ಆಗಿ ಉಳಿಯುತ್ತದಲ್ಲ! ಆ ಪದರವನ್ನು ಬಳಸಿ ಅವರು ಡೂಮ್ ಆಟವನ್ನು ಬಿಓಎಸ್ ಎಂಬ, ಈಗ ಹೆಚ್ಚಿನವರು ಮರೆತಿರುವ ಸಿಸ್ಟಮ್ಮಿಗೆ ತಂದರು. ಆಮೇಲೆ ಈ ಲೈಬ್ರರಿಯನ್ನು ಬಳಸಿದ ಲೋಕಿ ಸಾಫ್ಟ್‌ವೇರ್ ಎಂಬ ಕಂಪನಿ ಬಂತು, 1999ರಲ್ಲಿ 'ಸಿವಿಲೈಸೇಶನ್: ಕಾಲ್ ಟು ಪವರ್' ಆಟವನ್ನು ಲಿನಕ್ಸ್‌ಗೆ ತಂದಿತು, 2002ರ ಜನವರಿಯಲ್ಲಿ ಬಾಗಿಲು ಹಾಕಿತು. ಕಂಪನಿ ಹೋಯಿತು, ಲೈಬ್ರರಿ ಉಳಿಯಿತು. 2012ರಲ್ಲಿ ಲ್ಯಾಂಟಿಂಗಾ ವಾಲ್ವ್ ಎಂಬ ಆಟದ ಕಂಪನಿ ಸೇರಿದರು. 2013ರ ಆಗಸ್ಟ್‌ನಲ್ಲಿ ಎರಡನೆಯ ಅವತಾರ, 2025ರ ಜನವರಿಯಲ್ಲಿ ಮೂರನೆಯದು. ಹೆಸರೇ ಕೇಳಿಲ್ಲ ಎನ್ನುವಿರಾ? ಸ್ಟೀಮ್ ತೆರೆದಿದ್ದರೆ, ಡಾಸ್‌ಬಾಕ್ಸ್‌ನಲ್ಲಿ ಹಳೆಯ ಆಟ ಆಡಿದ್ದರೆ, ಎಫ್‌ಎಫ್‌ಪ್ಲೇಯಲ್ಲಿ ವಿಡಿಯೊ ನೋಡಿದ್ದರೆ, ಕಾಲೇಜಿನಲ್ಲಿ ಪೈಗೇಮ್ ಹಾಕಿಕೊಂಡು ಹಾವಿನ ಆಟ ಬರೆದಿದ್ದರೆ ನೀವು ಅದನ್ನು ಬಳಸಿದ್ದೀರಿ.

ಮೊದಲ ಬೆರಗು ಮೊದಲ ಸಾಲಿನಲ್ಲೇ ಕಾದಿತ್ತು. ಸಿ ಭಾಷೆ ಕಲಿತ ಎಲ್ಲರಿಗೂ ಗೊತ್ತು, ಪ್ರೋಗ್ರಾಮ್ ಶುರುವಾಗುವುದು 'ಮೇನ್' ಎಂಬಲ್ಲಿಂದ. ಆದರೆ ವಿಂಡೋಸ್‌ನ ಕಿಟಕಿಯುಳ್ಳ ಪ್ರೋಗ್ರಾಮಿಗೆ ಅದು 'ವಿನ್‌ಮೇನ್'. ಐಫೋನಿನಲ್ಲಿ ಆಪಲ್‌ನ ಚೌಕಟ್ಟು ಮೊದಲು ಏಳಬೇಕು, ಆಮೇಲೆ ನಾವು. ಆಂಡ್ರಾಯ್ಡ್‌ನಲ್ಲಂತೂ ಜಾವಾದಲ್ಲಿ ಬರೆದ ಒಂದು ಆಕ್ಟಿವಿಟಿ ಎದ್ದು ನಿಂತು, ನಮ್ಮ ಸಿ ಕೋಡನ್ನು ಬೇರೊಂದು ಥ್ರೆಡ್‌ನಲ್ಲಿ ಕರೆಯುತ್ತದೆ. ಹಾಗಾದರೆ ಒಂದೇ 'ಮೇನ್' ಎಲ್ಲೆಡೆ ಹೇಗೆ ಓಡುತ್ತದೆ? ಎಸ್‌ಡಿಎಲ್ ಮಾಡುವ ಕಣ್ಕಟ್ಟು ನೋಡಿ: ಅದರ ಹೆಡರ್ ಕಡತದಲ್ಲಿ ಒಂದೇ ಒಂದು ಮ್ಯಾಕ್ರೋ, ನೀವು 'ಮೇನ್' ಎಂದು ಬರೆದದ್ದನ್ನು ಕಂಪೈಲರ್ ಓದುವ ಮೊದಲೇ 'ಎಸ್‌ಡಿಎಲ್_ಮೇನ್' ಎಂದು ತಿದ್ದಿಬಿಡುತ್ತದೆ! ನಿಜವಾದ ಮೇನ್ ಅದರ ಬಳಿ ಇದೆ. ಅದು ಆಯಾ ಊರಿನ ಶಿಷ್ಟಾಚಾರ ಮುಗಿಸಿ, ಬಳಿಕ ನಿಮ್ಮದನ್ನು ಕರೆಯುತ್ತದೆ. ಈ ಗುಟ್ಟು ತಿಳಿಯದೆ 'ವಿನ್‌ಮೇನ್ ಸಿಗುತ್ತಿಲ್ಲ' ಎಂಬ ಲಿಂಕರ್‌ನ ಬೈಗುಳ ತಿಂದ ವಿದ್ಯಾರ್ಥಿಗಳು ಲೆಕ್ಕವಿಲ್ಲದಷ್ಟು. ನಾವು ಬರೆದೇ ಇಲ್ಲದ ಹೆಸರನ್ನು ಕೇಳುತ್ತಿದೆಯಲ್ಲ ಎಂದು ಅವರು ಕಕ್ಕಾಬಿಕ್ಕಿ.

ಇನ್ನು ಬೈಟ್‌ಗಳ ಸಂಗತಿ. 44,100 ಎಂಬುದು ಸಿ.ಡಿ.ಯ ಸದ್ದಿನ ಸಂಖ್ಯೆ, ಸೆಕೆಂಡಿಗೆ ಅಷ್ಟು ಮಾದರಿಗಳು. ವೇವ್ ಫೈಲಿನಲ್ಲಿ ಇದಕ್ಕೆ ನಾಲ್ಕು ಬೈಟ್ ಜಾಗ, ಚಿಕ್ಕ ಬೆಲೆಯ ಬೈಟ್ ಮೊದಲು, ದೊಡ್ಡದು ಕೊನೆಗೆ. ಇಂಟೆಲ್ ಪ್ರೊಸೆಸರ್ ಅದನ್ನು ಹಾಗೇ ಓದುತ್ತದೆ. ಆದರೆ ಒಂದು ಕಾಲದ ಮ್ಯಾಕ್‌ಗಳಲ್ಲಿದ್ದ ಪವರ್‌ಪಿಸಿ ಓದುತ್ತಿದ್ದುದು ಆ ತುದಿಯಿಂದ, ದೊಡ್ಡದು ಮೊದಲು. ಅದೇ ನಾಲ್ಕು ಬೈಟ್ ಅಲ್ಲಿ ಎಷ್ಟಾಗುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ: 115 ಕೋಟಿ 21 ಲಕ್ಷ 22 ಸಾವಿರದ 880! ಫೈಲಿನ ಒಂದು ಚುಕ್ಕೆಯೂ ಬದಲಾಗಿಲ್ಲ, ನೋಡುವ ಕಣ್ಣು ಬದಲಾಯಿತು, ಅಷ್ಟೆ. ಈ ಎರಡು ಪಂಗಡಗಳಿಗೆ ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ 1980ರ ಏಪ್ರಿಲ್ 1ರ ದಿನಾಂಕ ಹಾಕಿದ ಒಂದು ಟಿಪ್ಪಣಿಯಲ್ಲಿ ಹೆಸರಿಟ್ಟರು, ಬಿಗ್ ಎಂಡಿಯನ್ ಮತ್ತು ಲಿಟಲ್ ಎಂಡಿಯನ್. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಯುದ್ಧ ಮಾಡುವ ಗಲಿವರ್ ಕಥೆಯ ಮಂದಿಯ ಹೆಸರುಗಳು ಅವು. ಮೂರ್ಖರ ದಿನದ ಕುಚೋದ್ಯ, ಇವತ್ತು ಪಠ್ಯಪುಸ್ತಕದ ಪರಿಭಾಷೆ!

ಸದ್ದಿಗೆ ಬಂದ ಕುತ್ತು ಬಣ್ಣಕ್ಕೆ ಬಾರದೆ ಇದ್ದೀತೆ? ಒಂದು ಪಿಕ್ಸೆಲ್ ಎಂದರೆ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂಬ ನಾಲ್ಕು ಬೈಟ್. ಎಸ್‌ಡಿಎಲ್‌ನಲ್ಲಿ 'ಆರ್‌ಜಿಬಿಎ 8888' ಎಂದು ಹೇಳಿದರೆ ಅದು ಮೆಮೊರಿಯಲ್ಲಿನ ಸಾಲಲ್ಲ, ನಾಲ್ಕೂ ಸೇರಿ ಆಗುವ ಒಂದು ದೊಡ್ಡ ಸಂಖ್ಯೆಯೊಳಗಿನ ಸಾಲು. ಇಂಟೆಲ್‌ನ ಮೆಮೊರಿಗೆ ಇಳಿದಾಗ ಅದು ಪೂರಾ ತಿರುಗುಮುರುಗಾಗಿ ಮಲಗುತ್ತದೆ. ಈ ಸೂಕ್ಷ್ಮ ತಪ್ಪಿದರೆ ಹಸಿರು ಇರಬೇಕಾದಲ್ಲಿ ನೀಲಿ, ಮನುಷ್ಯರ ಮುಖವೆಲ್ಲ ಯಕ್ಷಲೋಕದ ಬಣ್ಣ. ಈ ಗೊಂದಲ ಎಷ್ಟು ಮಂದಿಯನ್ನು ಕಾಡಿತೆಂದರೆ ಕೊನೆಗೆ 'ಆರ್‌ಜಿಬಿಎ 32' ಎಂಬ ಇನ್ನೊಂದು ಹೆಸರನ್ನೇ ಸೇರಿಸಿದರು. ಅದು ಯಂತ್ರಕ್ಕೆ ತಕ್ಕಂತೆ ತಾನೇ ಅರ್ಥ ಬದಲಿಸಿಕೊಳ್ಳುತ್ತದೆ.

ಅಲ್ಲೇ ಪಕ್ಕದಲ್ಲಿ ಇನ್ನೊಂದು ಗುಟ್ಟು, 'ಪಿಚ್'. 100 ಪಿಕ್ಸೆಲ್ ಅಗಲದ ಚಿತ್ರಕ್ಕೆ ಪಿಕ್ಸೆಲ್ಲಿಗೆ ಮೂರು ಬೈಟಿನಂತೆ ಒಂದು ಸಾಲಿಗೆ 300 ಬೈಟ್ ಎಂದು ನಾವು ಗುಣಿಸುತ್ತೇವೆ. ಯಂತ್ರಕ್ಕೆ ತನ್ನದೇ ಅನುಕೂಲ, ಅದು ಸಾಲಿನ ಕೊನೆಗೆ ಒಂದಿಷ್ಟು ಖಾಲಿ ಬೈಟ್ ಸೇರಿಸಿಕೊಂಡೀತು, ಕಾಪಿ ಪುಸ್ತಕದ ಬದಿಯಲ್ಲಿ ಬಿಡುವ ಮಾರ್ಜಿನ್ ಹಾಗೆ. ಅದನ್ನು ಗಮನಿಸದೆ 300ರಂತೆಯೇ ಹೆಜ್ಜೆ ಹಾಕಿದ ಕೋಡಿನಲ್ಲಿ ಪ್ರತಿ ಸಾಲೂ ಹಿಂದಿನದಕ್ಕಿಂತ ತುಸು ಸರಿದು ಸರಿದು ಇಡೀ ಚಿತ್ರ ಓರೆಯಾಗಿ ವಾಲುತ್ತದೆ. ಓರೆಯಾದ ಚಿತ್ರ ಕಂಡೊಡನೆ ಪಳಗಿದವರು ಕೋಡನ್ನು ನೋಡದೆಯೇ ಹೇಳುತ್ತಾರೆ, ಪಿಚ್ ಮರೆತಿದ್ದೀಯ ಎಂದು. ನಾಡಿ ಹಿಡಿಯದೆ ಮುಖ ನೋಡಿಯೇ ರೋಗ ಹೇಳಿಬಿಡುತ್ತಾರಲ್ಲ!

ಪೂರ್ಣಾಂಕದ ಅಳತೆಯೂ ಊರಿಗೊಂದು. ಸಿ ಭಾಷೆಯ 'ಲಾಂಗ್' 64 ಬಿಟ್ ಲಿನಕ್ಸ್‌ನಲ್ಲಿ ಎಂಟು ಬೈಟ್, 64 ಬಿಟ್ ವಿಂಡೋಸ್‌ನಲ್ಲಿ ನಾಲ್ಕೇ. 'ಚಾರ್' ಎಂಬುದು ಪಿ.ಸಿ.ಯಲ್ಲಿ ಮೈನಸ್ ಸಂಖ್ಯೆಯನ್ನು ಹಿಡಿಯುತ್ತದೆ, ಎಆರ್‌ಎಮ್ ಚಿಪ್ಪಿನ ಲಿನಕ್ಸ್‌ನಲ್ಲಿ ಹಿಡಿಯುವುದಿಲ್ಲ, ಸೊನ್ನೆಗಿಂತ ಕಡಿಮೆಯೇ ಎಂದು ಕೇಳಿದರೆ ಅಲ್ಲಿ ಉತ್ತರ ಎಂದೆಂದಿಗೂ 'ಇಲ್ಲ'. ಇದಕ್ಕೆ ಎಸ್‌ಡಿಎಲ್ ಹೂಡಿರುವ ಕಾವಲು ಕಂಡು ನಾನು ನಕ್ಕುಬಿಟ್ಟೆ, ಸಂತೋಷಕ್ಕೆ! ಎಂಟು ಬಿಟ್‌ನ ಸಂಖ್ಯೆ ನಿಜವಾಗಿ ಒಂದು ಬೈಟ್ ಇದೆಯೇ ಎಂದು ಅದು ಕಂಪೈಲರನ್ನೇ ಕೇಳುತ್ತದೆ. ಹೇಗೆ? ಉತ್ತರ ಹೌದಾದರೆ ಒಂದು ಉದ್ದದ, ಇಲ್ಲವಾದರೆ ಮೈನಸ್ ಒಂದು ಉದ್ದದ ಅರೇ ಒಂದನ್ನು ಘೋಷಿಸುವ ಸಾಲು ಬರೆದಿಟ್ಟಿದ್ದಾರೆ. ಮೈನಸ್ ಒಂದು ಉದ್ದದ ಅರೇ ಜಗತ್ತಿನಲ್ಲೇ ಇಲ್ಲವಲ್ಲ, ಕಂಪೈಲರ್ ಅಲ್ಲೇ ಮುಷ್ಕರ ಹೂಡುತ್ತದೆ. ಪ್ರೋಗ್ರಾಮ್ ಹುಟ್ಟುವ ಮೊದಲೇ ಬಗ್ ಸತ್ತಿರುತ್ತದೆ.

ಸಂಗೀತದವರು ಕೇಳಲೇಬೇಕಾದ ಕಥೆ ಒಂದಿದೆ. ಹಳೆಯ ಎಸ್‌ಡಿಎಲ್ 1.2ಕ್ಕೆ ಸದ್ದಿನ ವೇಗ ಬದಲಿಸಲು ಗೊತ್ತಿದ್ದುದು ಎರಡೇ ವಿದ್ಯೆ, ಇಮ್ಮಡಿ ಮಾಡುವುದು, ಅರ್ಧ ಮಾಡುವುದು. 22,050ನ್ನು 44,100 ಮಾಡು ಎಂದರೆ ಸರಾಗ. ಆದರೆ ಫೈಲ್ 44,100ರಲ್ಲಿದ್ದು ಸೌಂಡ್ ಕಾರ್ಡ್ 48,000 ಮಾತ್ರ ಒಪ್ಪಿದರೆ? ಇಮ್ಮಡಿ ಮಾಡಿದರೆ ಮೀರುತ್ತದೆ, ಮಾಡದಿದ್ದರೆ ಸಾಲದು, ಹಾಗಾಗಿ ಏನನ್ನೂ ಮಾಡದೆ ದಾಟಿಸಿಬಿಡುತ್ತಿತ್ತು. ಆಗ ಹತ್ತು ನಿಮಿಷದ ಹಾಡು ಒಂಬತ್ತು ನಿಮಿಷ ಹನ್ನೊಂದು ಸೆಕೆಂಡಿಗೆ ಮುಗಿಯುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ಗಾಯಕ ಅದೇ, ಕಂಠ ಬೇರೆ! ಬಾಂಬು ಸಿಡಿಯುವ ಆಟದಲ್ಲಿ ಇದು ಯಾರ ಗಮನಕ್ಕೂ ಬಾರದೆ ಹೋದೀತು, ತಂಬೂರಿ ಇಟ್ಟುಕೊಂಡು ಕೂತವರಿಗೆ ಮೊದಲ ಸ್ವರದಲ್ಲೇ ಚುಚ್ಚುತ್ತದೆ. ಇದನ್ನು ಸರಿಪಡಿಸಲು ಬೇಕಾದದ್ದು ಎರಡು ಮಾದರಿಗಳ ನಡುವೆ ಇರಬಹುದಾಗಿದ್ದ ಅಲೆಯನ್ನು ಊಹಿಸಿ ಬರೆಯುವ ಗಣಿತ. ಈಗಿನ ಎಸ್‌ಡಿಎಲ್ ಅದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಗೀತ ಸಂಶೋಧನಾ ಕೇಂದ್ರದಿಂದ ಬಂದ ವಿಧಾನವನ್ನು ಬಳಸುತ್ತದೆ. ಎಂದೂ ಅಳೆಯದ ಕ್ಷಣದ ಸದ್ದನ್ನು ಅಕ್ಕಪಕ್ಕದ ಕ್ಷಣಗಳಿಂದ ಹೆಕ್ಕಿ ತೆಗೆಯುವ ಕೆಲಸ ಅದು. ಪ್ರತಿ ಸೆಕೆಂಡಿಗೆ 48,000 ಸಲ, ನಮ್ಮ ಕಿವಿಯ ಬುಡದಲ್ಲೇ!

ಮತ್ತೆ ಒಂದು ವಿಚಿತ್ರ ಕೇಳಿ. ಆವೃತ್ತಿ 1.2 ಸದ್ದು ತುಂಬಲು ಖಾಲಿ ಪಾತ್ರೆ ಕೊಡುವಾಗ ಅದರಲ್ಲಿ ಮೊದಲೇ ಮೌನ ತುಂಬಿ ಕೊಡುತ್ತಿತ್ತು. ಎರಡನೆಯ ಆವೃತ್ತಿ ಆ ಪದ್ಧತಿ ಬಿಟ್ಟಿತು, ತೊಳೆಯದ ಪಾತ್ರೆಯನ್ನೇ ಕೊಟ್ಟಿತು. ಹಳೆಯ ಅಭ್ಯಾಸದಲ್ಲಿ ಬರೆದ ಆಟಗಳು ಹಿಂದಿನ ಸದ್ದಿನ ಚೂರುಪಾರಿನ ಮೇಲೆಯೇ ಹೊಸ ಸದ್ದು ಬೆರೆಸಿ ಗೊರಗೊರ ಎನ್ನತೊಡಗಿದವು. ತಪ್ಪು ಯಾರದು? ನನ್ನನ್ನು ಕೇಳಿದರೆ ಲೈಬ್ರರಿಯದೇ. ಇಪ್ಪತ್ತು ಮಂದಿ ಒರಗಿ ಕೂರುವ ಗೋಡೆಯನ್ನು ನಾಲ್ಕಂಗುಲ ಸರಿಸುವವನು ಮೊದಲು ಕೂಗಿ ಹೇಳಬೇಕು. ಬದಲಾವಣೆಯ ಕೈಪಿಡಿಯಲ್ಲಿ ಬರೆದೇನೋ ಇದ್ದರು, ಓದುವವರು ಯಾರು!

ಕಾಲದ ಗಡಿಯಾರಕ್ಕೆ ಬರೋಣ, ಇಲ್ಲಿ ಅಚ್ಚರಿ ಮುಗಿಯುವುದೇ ಇಲ್ಲ. ಪ್ರೋಗ್ರಾಮ್ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯಿತು ಎಂದು ಹೇಳುವ ಕರೆ ಎಸ್‌ಡಿಎಲ್‌ನಲ್ಲಿ ಬಹಳ ಹಳೆಯದು. ಉತ್ತರ ಬರುತ್ತಿದ್ದುದು 32 ಬಿಟ್‌ನಲ್ಲಿ, ಅಂದರೆ 429 ಕೋಟಿ ಚಿಲ್ಲರೆ ಮಿಲಿಸೆಕೆಂಡ್. ಭಾಗಿಸಿ ನೋಡಿ, 49.7 ದಿನ. ಐವತ್ತನೆಯ ದಿನದಲ್ಲಿ ಕಾಲ ಮತ್ತೆ ಸೊನ್ನೆಗೆ! ಮನೆಯಲ್ಲಿ ಆಟ ಆಡುವವರು ಯಾರು ಐವತ್ತು ದಿನ ಬಿಡದೆ ಆಡುತ್ತಾರೆ? ಆದರೆ ಸರ್ವರ್ ಇದೆ, ಮ್ಯೂಸಿಯಮ್ಮಿನ ಪರದೆ ಇದೆ, ನಿಲ್ದಾಣದ ಫಲಕ ಇದೆ. ವಿಂಡೋಸ್ 95 ಮತ್ತು 98 ಇದೇ 49.7 ದಿನಕ್ಕೆ ಕಲ್ಲಾಗಿ ನಿಂತುಬಿಡುತ್ತಿದ್ದವು. ಅಷ್ಟು ದಿನ ಅವು ನಿಲ್ಲದೆ ಓಡುವುದೇ ಅಪರೂಪವಾಗಿದ್ದರಿಂದ ವರ್ಷಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ ಎಂಬುದು ಅದರ ಮೇಲಿನ ಕುಚೋದ್ಯ. ಎಸ್‌ಡಿಎಲ್‌ನವರು ಇದಕ್ಕೆ ಮೊದಲು ಕೊಟ್ಟ ಪರಿಹಾರ ಚೆಲುವಾದದ್ದು. ಎರಡು ಸಮಯಗಳನ್ನು ನೇರ ಹೋಲಿಸಬೇಡಿ, ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದಕ್ಕೆ ಮೈನಸ್ ಚಿಹ್ನೆ ಇದೆಯೇ ಎಂದಷ್ಟೇ ನೋಡಿ. ಸುತ್ತು ಬಿದ್ದ ಸಂಖ್ಯೆಗಳ ನಡುವೆಯೂ ವ್ಯತ್ಯಾಸ ಸರಿಯಾಗಿಯೇ ಬರುತ್ತದೆ! ಆಮೇಲೆ 2.0.18ರಲ್ಲಿ 64 ಬಿಟ್‌ನ ಕರೆ ಬಂತು. ಅದು ಸುತ್ತು ಬೀಳಲು ಐವತ್ತೆಂಟು ಕೋಟಿ ವರ್ಷ ಬೇಕು, ಅಲ್ಲಿಯವರೆಗೆ ಚಿಂತೆ ಇಲ್ಲ.

ಕಾಯುವುದು ಕೂಡ ಸುಲಭವಲ್ಲ. ಒಂದು ಮಿಲಿಸೆಕೆಂಡ್ ಮಲಗು ಎಂದು ವಿಂಡೋಸ್‌ಗೆ ಹೇಳಿದರೆ ಅದು ಹದಿನೈದೂವರೆ ಮಿಲಿಸೆಕೆಂಡ್‌ವರೆಗೂ ಏಳದೆ ಇರಬಹುದು, ಅದರ ಗಡಿಯಾರದ ಟಿಕ್ ಇರುವುದೇ ಅಷ್ಟು ದೂರಕ್ಕೊಂದು. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟಕ್ಕೆ ಒಂದು ಚಿತ್ರದ ಪಾಲಿಗೆ ಸಿಗುವುದೇ 16.7 ಮಿಲಿಸೆಕೆಂಡ್. ಒಂದು ಸಣ್ಣ ಕಣ್ಣುಮುಚ್ಚುವಿಕೆಯಲ್ಲಿ ಇಡೀ ಪಾಲು ಖಾಲಿ! ಇನ್ನೂ ತಮಾಷೆ ಬೇಕೆ? 32 ಬಿಟ್ ಕಾಲದಲ್ಲಿ ಡೈರೆಕ್ಟ್‌3ಡಿ 9ನ್ನು ಚಿತ್ರ ಬರೆಯಲೆಂದು ಕರೆದರೆ ಅದು ಪ್ರೊಸೆಸರಿನ ದಶಾಂಶ ಗಣಿತದ ನಿಖರತೆಯನ್ನೇ ಸದ್ದಿಲ್ಲದೆ ತಗ್ಗಿಸಿಬಿಡುತ್ತಿತ್ತು. ಚಿತ್ರಕ್ಕೂ ಪ್ರೋಗ್ರಾಮಿನ ಬೇರೆಲ್ಲೋ ನಡೆಯುವ ಲೆಕ್ಕಕ್ಕೂ ಏನು ಸಂಬಂಧ ಎಂದು ಕೇಳುವಂತಿಲ್ಲ. ಬೇಡ, ಗಣಿತ ಮುಟ್ಟಬೇಡ ಎಂದು ಒಂದು ಗುರುತು ಇಟ್ಟು ಕರೆಯಬೇಕು. ಎಸ್‌ಡಿಎಲ್ ಆ ಗುರುತು ಇಟ್ಟೇ ಕರೆಯುತ್ತದೆ.

ಎಸ್‌ಡಿಎಲ್‌ನಿಂದ ಒಂದು ಹೆಜ್ಜೆ ಆಚೆಗೆ ಹೋಗುತ್ತೇನೆ, ಈ ಕಥೆ ಬಿಡಲಾಗದು. 2010ರಲ್ಲಿ ಫೆಡೋರಾ 14 ಎಂಬ ಲಿನಕ್ಸ್ ಬಳಸುವವರಿಗೆ ಹಠಾತ್ತನೆ ಬ್ರೌಸರಿನಲ್ಲಿ ಹಾಡುಗಳು ಬಿರುಕು ಬಿಟ್ಟಂತೆ ಕೇಳತೊಡಗಿದವು. ಅವನ್ನು ನುಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್ ಬದಲಾಗಿರಲಿಲ್ಲ. ಬದಲಾದದ್ದು ಕೆಳಗೆಲ್ಲೋ ಇದ್ದ 'ಮೆಮ್‌ಕಾಪಿ'. ಇಲ್ಲಿಂದ ಅಲ್ಲಿಗೆ ಬೈಟ್ ನಕಲು ಮಾಡುವ, ಸಿ ಭಾಷೆಯ ಅತಿ ಸಾಧು ಕರೆ. ಹೊಸ ಪ್ರೊಸೆಸರುಗಳಲ್ಲಿ ವೇಗ ಸಿಗಲೆಂದು, ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯವರು ಅದನ್ನು ಕೊನೆಯಿಂದ ಮೊದಲಿಗೆ ನಕಲು ಮಾಡುವಂತೆ ಬದಲಿಸಿದ್ದರು. ನಿಯಮದಂತೆ ಅದು ಸರಿ. ಎರಡು ಜಾಗಗಳು ಒಂದರ ಮೇಲೊಂದು ಹೊದ್ದುಕೊಂಡಿದ್ದರೆ ಮೆಮ್‌ಕಾಪಿ ಬಳಸಕೂಡದು, 'ಮೆಮ್‌ಮೂವ್' ಬಳಸಬೇಕು. ಫ್ಲ್ಯಾಶ್ ಆ ನಿಯಮ ಮುರಿದಿತ್ತು, ಆದರೆ ಹಳೆಯ ದಿಕ್ಕಿನಲ್ಲಿ ಅದೃಷ್ಟವಶಾತ್ ನಡೆದುಹೋಗುತ್ತಿತ್ತು! ಲಿನಕ್ಸ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ ಸ್ವತಃ ಈ ಪತ್ತೇದಾರಿಕೆಗೆ ಇಳಿದರು. ಫ್ಲ್ಯಾಶ್ ತಪ್ಪು, ನಾವು ಸರಿ ಎಂಬ ವಾದವನ್ನು ಅವರು ಒಪ್ಪಲಿಲ್ಲ, ಬಳಸುವವರ ಹಾಡು ಕೆಟ್ಟಿತಲ್ಲ, ಅವರಿಗೆ ನಿಯಮ ಕಟ್ಟಿಕೊಂಡು ಏನಾಗಬೇಕು ಎಂಬುದು ಅವರ ಪಟ್ಟು. ಕೊನೆಗೆ ಜಿಲಿಬ್‌ಸಿ ಹಳೆಯ ಪ್ರೋಗ್ರಾಮುಗಳಿಗೆ ಹಳೆಯ ನಡವಳಿಕೆ, ಹೊಸದಾಗಿ ಕಂಪೈಲ್ ಆದವಕ್ಕೆ ಹೊಸದು ಎಂದು ಎರಡು ಮೆಮ್‌ಕಾಪಿ ಇಟ್ಟುಕೊಂಡಿತು. ಒಂದೇ ಹೆಸರು, ಕೇಳುವವನ ವಯಸ್ಸು ನೋಡಿ ಉತ್ತರ!

ಕೈಯಲ್ಲಿ ಹಿಡಿಯುವ ಸಾಧನಗಳ ಲೋಕವಂತೂ ಜಾತ್ರೆ. ಕೆಲವು ಮೌಸು, ಕೀಬೋರ್ಡುಗಳು ಲಿನಕ್ಸ್‌ಗೆ ತಾವು ಜಾಯ್‌ಸ್ಟಿಕ್ ಎಂದೇ ಪರಿಚಯ ಹೇಳಿಕೊಳ್ಳುತ್ತವೆ. ಆಟ ತೆರೆದರೆ ಕಾಣದ ಆಟಗಾರನೊಬ್ಬ ಸದಾ ಎಡಕ್ಕೆ ಎಳೆಯುತ್ತಿರುತ್ತಾನೆ. ಇಂಥ ವೇಷಧಾರಿಗಳ ಪಟ್ಟಿಯೊಂದು ಎಸ್‌ಡಿಎಲ್‌ನ ಒಳಗಿದೆ. ಗೇಮ್‌ಪ್ಯಾಡಿನ 'ಎ' ಗುಂಡಿ ಎಕ್ಸ್‌ಬಾಕ್ಸ್‌ನಲ್ಲಿ ಕೆಳಗೆ, ನಿಂಟೆಂಡೊದಲ್ಲಿ ಬಲಕ್ಕೆ. ಪ್ಲೇಸ್ಟೇಶನ್‌ನಲ್ಲಿ ಅಕ್ಷರವೇ ಇಲ್ಲ. ವರ್ಷಗಟ್ಟಲೆ ಇದರೊಡನೆ ಗುದ್ದಾಡಿ ಮೂರನೆಯ ಆವೃತ್ತಿ ಅಕ್ಷರಗಳನ್ನೇ ಕೈಬಿಟ್ಟಿತು, ಗುಂಡಿಗಳ ಹೆಸರು ಈಗ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ! ಫ್ರೆಂಚರ ಕೀಬೋರ್ಡಿನಲ್ಲಿ ಡಬ್ಲ್ಯು ಇರಬೇಕಾದಲ್ಲಿ ಝಡ್ ಇರುವುದರಿಂದ, ಕೀಲಿಯ ಜಾಗ ಬೇರೆ, ಕೀಲಿಯ ಅಕ್ಷರ ಬೇರೆ ಎಂದು ಎರಡನೆಯ ಆವೃತ್ತಿಯಲ್ಲೇ ಬಿಡಿಸಿಟ್ಟಿದ್ದರು. ಓಡಲು ಜಾಗ, ಬರೆಯಲು ಅಕ್ಷರ.

ಬರೆಯುವುದು ಎಂದೊಡನೆ ನನ್ನ ಕಿವಿ ನೆಟ್ಟಗಾಯಿತು, ಕನ್ನಡ ಏನಾಗುತ್ತದೆ ಇಲ್ಲಿ? ಹಳೆಯ 1.2ರಲ್ಲಿ ಒಂದು ಕೀಲಿಗೆ ಹದಿನಾರು ಬಿಟ್‌ನ ಒಂದು ಅಕ್ಷರ, ಕಥೆ ಮುಗಿಯಿತು. ಎರಡನೆಯದರಲ್ಲಿ ಬರಹಕ್ಕೆಂದೇ ಬೇರೆ ದಾರಿ ತೆರೆದರು, ಪಠ್ಯ ಯುಟಿಎಫ್-8 ರೂಪದಲ್ಲಿ ಬರುತ್ತದೆ, ಆದರೆ ಅದನ್ನು ಹೊತ್ತು ತರುವ ಪೆಟ್ಟಿಗೆಯ ಅಳತೆ 32 ಬೈಟ್. ಕೊನೆಯ ಒಂದು ಬೈಟ್ ಮುಕ್ತಾಯದ ಗುರುತಿಗೆ ಹೋದರೆ 31. ಇಂಗ್ಲಿಷಿಗೆ ಅದು 31 ಅಕ್ಷರ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಬರೀ ಹತ್ತು ಸಂಕೇತ ಹಿಡಿಯುತ್ತದೆ. 'ಕ್ಷ' ಒಂದಕ್ಕೇ ಮೂರು ಸಂಕೇತ, ಒಂಬತ್ತು ಬೈಟ್! 'ವಿಶ್ವವಿದ್ಯಾಲಯ' ಎಂಬ ಪದವನ್ನು ಎಣಿಸಿ ನೋಡಿದೆ, ಹದಿಮೂರು ಸಂಕೇತ. ಫೋನಿನ ಕೀಬೋರ್ಡ್ ಆ ಪದವನ್ನು ಒಂದೇ ಏಟಿಗೆ ಕೊಟ್ಟಿತೆನ್ನಿ, ಎಸ್‌ಡಿಎಲ್ ಅದನ್ನು ಎರಡು ಕಂತಿನಲ್ಲಿ ಕಳಿಸಬೇಕು. ಮೊದಲ ಕಂತು 'ವಿಶ್ವವಿದ್ಯ'. ಎರಡನೆಯದರ ತಲೆಯಲ್ಲಿ ಆಸರೆಯಿಲ್ಲದ ಒಂದು ದೀರ್ಘದ ಚಿಹ್ನೆ, ಅದರ ಹಿಂದೆ 'ಲಯ'! ಎರಡನ್ನೂ ಅಂಟಿಸಿಕೊಂಡು ಆಮೇಲೆ ಬರೆದರೆ ಪದ ಉಳಿಯಿತು. ಬಂದದ್ದನ್ನು ಬಂದ ಹಾಗೇ ಪರದೆಗೆ ಬರೆಯುವ ಆಟದಲ್ಲಿ ಆ ದೀರ್ಘ ಅನಾಥ. ಮೂರನೆಯ ಆವೃತ್ತಿಯಲ್ಲಿ ಆ ಪೆಟ್ಟಿಗೆಯನ್ನೇ ಕಿತ್ತುಹಾಕಿದ್ದಾರೆ, ಪದ ಎಷ್ಟುದ್ದವಾದರೂ ಇರಲಿ.

ಬಂದ ಅಕ್ಷರವನ್ನು ಬಿಡಿಸುವುದು ಇನ್ನೊಂದು ಅಧ್ಯಾಯ. ಅದಕ್ಕೆ ಎಸ್‌ಡಿಎಲ್_ಟಿಟಿಎಫ್ ಎಂಬ ಜೊತೆ ಲೈಬ್ರರಿ ಇದೆ. ಅದು ಮೊದಲು ಸಂಕೇತಕ್ಕೊಂದು ಆಕಾರದಂತೆ ಸಾಲಾಗಿ ಜೋಡಿಸುತ್ತ ಹೋಗುತ್ತಿತ್ತು. ಒತ್ತಕ್ಷರ ಕೆಳಗಿಳಿಯಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ, 'ಅಕ್ಷರ' ಎಂದು ಕೊಟ್ಟರೆ 'ಅಕ್‌ಷರ' ಎಂದು ಬರೆದುಕೊಡುತ್ತಿತ್ತು. ಹಾರ್ಫ್‌ಬಜ್ ಎಂಬ, ಲಿಪಿಗಳ ಹೆಣಿಗೆ ಬಲ್ಲ ಇನ್ನೊಂದು ಲೈಬ್ರರಿಯನ್ನು ಅದರೊಡನೆ ಬೆಸೆದ ಮೇಲೆ ಒತ್ತುಗಳು ತಮ್ಮ ಜಾಗಕ್ಕೆ ಬಂದವು. ಈಗಲೂ ಅದನ್ನು ಸೇರಿಸಿ ಕಂಪೈಲ್ ಮಾಡಿದ್ದರೆ ಮಾತ್ರ! ಕನ್ನಡದಲ್ಲಿ ಆಟ ಬರೆಯಹೊರಟವರು ಬಣ್ಣ, ಸದ್ದು ಎಲ್ಲ ಆಮೇಲೆ ಇಟ್ಟುಕೊಂಡು ಮೊದಲು ಇದೊಂದನ್ನು ನೋಡಿಕೊಳ್ಳಬೇಕು. ನಾಡಿನ ಹೆಸರು ಒಡೆದು ಕಾಣುವ ಪರದೆ ಯಾರಿಗೂ ಬೇಡ.

ಬ್ರೌಸರಿನಲ್ಲಿ ಓಡಿಸಲು ಹೋದಾಗ ಇನ್ನೊಂದು ನಂಬಿಕೆ ಕುಸಿಯಿತು. ಆಟ ಎಂದರೆ ಕೊನೆಯಿಲ್ಲದ ಒಂದು ಲೂಪ್, ಕೇಳು, ಲೆಕ್ಕ ಹಾಕು, ಬಿಡಿಸು, ಮತ್ತೆ ಕೇಳು. ಬ್ರೌಸರಿಗೆ ಇಂಥ ಲೂಪ್ ಕೊಟ್ಟರೆ ಇಡೀ ಪುಟ ಹೆಪ್ಪುಗಟ್ಟುತ್ತದೆ, ಅಲ್ಲಿ ಲೂಪ್ ಬ್ರೌಸರಿನ ಸೊತ್ತು, ನಾವು ಕರೆದಾಗ ಬಂದು ಹೋಗುವವರು. ಫೋನಿನಲ್ಲಿ ಇನ್ನೂ ಕಟ್ಟುನಿಟ್ಟು, ಆಟ ಹಿನ್ನೆಲೆಗೆ ಸರಿದ ಮೇಲೂ ಗ್ರಾಫಿಕ್ಸ್ ಆದೇಶ ಕಳಿಸಿದರೆ ಐಫೋನ್ ಅದನ್ನು ಕೊಂದೇಬಿಡುತ್ತದೆ. ಹಾಗಾಗಿ ಮೂರನೆಯ ಆವೃತ್ತಿಯಲ್ಲಿ ಬೇಕೆಂದವರು 'ಮೇನ್' ಬರೆಯುವುದನ್ನೇ ಬಿಡಬಹುದು. ಶುರು, ಒಂದು ಸುತ್ತು, ಒಂದು ಘಟನೆ, ಮುಕ್ತಾಯ ಎಂಬ ನಾಲ್ಕು ತುಂಡು ಬರೆದುಕೊಟ್ಟರೆ ಸಾಕು, ಯಾವಾಗ ಕರೆಯಬೇಕೋ ಎಸ್‌ಡಿಎಲ್ ನೋಡಿಕೊಳ್ಳುತ್ತದೆ. ಹೆಸರು ಬದಲಿಸಿ ಶುರುವಾದ ಕಣ್ಕಟ್ಟು, ಹೆಸರೇ ಬೇಡವೆಂಬಲ್ಲಿಗೆ ಬಂತು! ಎಲ್ಲ ಬದಲಾವಣೆಯೂ ಇಷ್ಟು ಸಲೀಸಾಗಿ ಆದದ್ದಲ್ಲ. 2022ರಲ್ಲಿ ಲಿನಕ್ಸ್‌ನ ಹೊಸ ಪರದೆ ವ್ಯವಸ್ಥೆಯಾದ ವೇಲ್ಯಾಂಡನ್ನು ಮೊದಲ ಆಯ್ಕೆ ಮಾಡಿ, ಸಮಸ್ಯೆಗಳ ರಾಶಿ ಕಂಡು, ಬಿಡುಗಡೆಗೆ ಮೊದಲೇ ಹಿಂತೆಗೆದುಕೊಂಡಿದ್ದರು.

ಬಗ್ ಸರಿಪಡಿಸುವುದು ಒಂದು ಸಾಹಸ, ಸರಿಪಡಿಸಿದ್ದು ಆಟಕ್ಕೆ ತಲುಪುವುದು ಇನ್ನೊಂದು. ಎಷ್ಟೋ ಆಟಗಳು ಎಸ್‌ಡಿಎಲ್‌ನ ಪ್ರತಿಯನ್ನು ತಮ್ಮ ಹೊಟ್ಟೆಯೊಳಗೇ ಬೆಸೆದುಕೊಂಡಿರುತ್ತವೆ. ಕಂಪನಿ ಮುಚ್ಚಿದೆ, ಸೋರ್ಸ್ ಕಳೆದಿದೆ, ಒಳಗಿನ ಬಗ್ ಶಾಶ್ವತ. ರಯಾನ್ ಗಾರ್ಡನ್ ಎಂಬ, ಆಟಗಳನ್ನು ಪೋರ್ಟ್ ಮಾಡುವುದರಲ್ಲೇ ಪಳಗಿದ ಪ್ರೋಗ್ರಾಮರ್ ಇದಕ್ಕೆ ಹೂಡಿದ ಉಪಾಯ ಓದಿ ನಾನು ಕುರ್ಚಿಯಿಂದ ಎದ್ದೆ. ಎಸ್‌ಡಿಎಲ್‌ನ ಪ್ರತಿಯೊಂದು ಕರೆಯೂ ನೇರ ಹೋಗದೆ ಒಂದು ಕೋಷ್ಟಕದ ಮೂಲಕ ಹೋಗುತ್ತದೆ. 'ಎಸ್‌ಡಿಎಲ್_ಡೈನಾಮಿಕ್_ಎಪಿಐ' ಎಂಬ ಹೆಸರಿನಲ್ಲಿ ಹೊಸ ಲೈಬ್ರರಿಯ ವಿಳಾಸ ಕೊಟ್ಟು ಆಟ ತೆರೆದರೆ, ಮೊದಲ ಕರೆಯಲ್ಲೇ ಇಡೀ ಕೋಷ್ಟಕ ಹೊಸದರತ್ತ ತಿರುಗುತ್ತದೆ. ಬೆಸೆದ ಹೊಟ್ಟೆಯನ್ನು ಕೊಯ್ಯದೆಯೇ ಅಂಗ ಬದಲು! ಇದರ ಬೆಲೆಯೆಂದರೆ ಕೋಷ್ಟಕದ ಕ್ರಮ ಎಂದೂ ಬದಲಾಗಕೂಡದು, ಹೊಸದೇನಿದ್ದರೂ ಕೊನೆಗೇ ಸೇರಬೇಕು.

ಅದರಾಚೆಗೂ ಹೋಗಿದ್ದಾರೆ. ಎಸ್‌ಡಿಎಲ್ 1.2ರ ಕರೆಗಳನ್ನೆಲ್ಲ ಹಾಗೇ ಸ್ವೀಕರಿಸಿ ಒಳಗೊಳಗೇ ಎರಡನೆಯದಕ್ಕೆ ಅನುವಾದಿಸುವ 'ಎಸ್‌ಡಿಎಲ್12-ಕಂಪ್ಯಾಟ್' ಒಂದು, ಎರಡನೆಯದರ ಕರೆಗಳನ್ನು ಮೂರನೆಯದಕ್ಕೆ ಅನುವಾದಿಸುವ 'ಎಸ್‌ಡಿಎಲ್2-ಕಂಪ್ಯಾಟ್' ಇನ್ನೊಂದು. ಫೆಡೋರಾ 2021ರಲ್ಲಿ ಮೊದಲನೆಯದನ್ನೂ 2025ರಲ್ಲಿ ಎರಡನೆಯದನ್ನೂ ಅಸಲಿ ಲೈಬ್ರರಿಗಳ ಜಾಗದಲ್ಲಿ ಕೂರಿಸಿತು. ಅಂದರೆ ಇಪ್ಪತ್ತು ವರ್ಷ ಹಿಂದಿನ ಆಟವೊಂದು ಇವತ್ತು 1.2ರೊಡನೆ ಮಾತಾಡುತ್ತಿದ್ದೇನೆಂದು ನಂಬಿ ಕರೆಯುತ್ತದೆ, ಆ ಕರೆ ಎರಡಾಗಿ, ಮೂರಾಗಿ, ವೇಲ್ಯಾಂಡ್ ಆಗಿ ಪರದೆ ಮುಟ್ಟುತ್ತದೆ, ಆಟಕ್ಕೆ ಸುಳಿವೇ ಇಲ್ಲ! ಆದರೆ ಹಳೆಯ ಲೈಬ್ರರಿಯ ಬಗ್‌ಗಳನ್ನೇ ನೆಚ್ಚಿ ಬರೆದ ಆಟಗಳಿವೆಯಲ್ಲ, ಅವು ಸರಿಯಾದ ನಡವಳಿಕೆ ಕಂಡರೆ ಕುಸಿಯುತ್ತವೆ. ಅವುಗಳಿಗಾಗಿ ಆ ಅನುವಾದಕನ ಒಳಗೆ ಒಂದು ಪಟ್ಟಿ ಇದೆ, ಆಟಗಳ ಹೆಸರು ಒಂದು ಕಡೆ, ಆ ಆಟಕ್ಕೆ ಮಾತ್ರ ಹೇಗೆ ವಿಚಿತ್ರವಾಗಿ ನಡೆದುಕೊಳ್ಳಬೇಕು ಎಂಬುದು ಇನ್ನೊಂದು ಕಡೆ. ಪ್ರೋಗ್ರಾಮ್ ತೆರೆದುಕೊಂಡ ಕೂಡಲೇ ಅದು ನಿನ್ನ ಹೆಸರೇನು ಎಂದು ವಿಚಾರಿಸುತ್ತದೆ, ಪಟ್ಟಿಯಲ್ಲಿ ಇದ್ದರೆ ಹಳೆಯ ತಪ್ಪನ್ನು ಬೇಕೆಂದೇ, ಅಚ್ಚುಕಟ್ಟಾಗಿ, ಮತ್ತೊಮ್ಮೆ ಮಾಡಿ ತೋರಿಸುತ್ತದೆ.